ಗಡಸು ನೀರಿನ ಸಾಕ್ಷಿ

"ಸಾಹೇಬ್ರ, ನನ್ನ ಮಗಳು ಮಾವನ್ನ ಕೊಂದಾಳಂತ ಹಿಡಕೊಂಡು ಹೋಗ್ಯಾರ್ರಿ! ಇರುವಿ ತುಳಿಯಾಕೂ ಅಂಜೋ ಹುಡುಗಿ ಅದು."

೨೦೦೬ರ ಮಾಗಿಯ ಒಂದು ಬೆಳಿಗ್ಗೆ ಬ್ಯಾಡಗಿಯ ಮುತ್ತವ್ವ ಹಾವೇರಿಗೆ ಬಂದು, ಪತ್ತೇದಾರ ವಿಜಯಮಹಾಂತೇಶರ ಮುಂದೆ ಹೀಗೆ ಅಂಗಲಾಚಿದಾಗ, ಅವರ ಗೆಳೆಯ ವೀರೇಂದ್ರ ಮಾಸ್ತರರೂ ಅಲ್ಲಿದ್ದರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಿಂದ ನೇರವಾಗಿ ಎದ್ದು ಬಂದಿದ್ದ ಆಕೆಯ ಸೀರೆಯ ಘಾಟಿಗೆ ಮಾಸ್ತರರು ಕೆಮ್ಮಿದರು. ಆಕೆಯ ಕಣ್ಣೀರಿಗೆ ಕಾರಣ ಬೇರೆಯಿತ್ತು.

ಮಗಳು ದ್ರಾಕ್ಷಾಯಿಣಿಯನ್ನು ರಾಣೆಬೆನ್ನೂರಿನಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟಿದ್ದ ದುರುಗೇಶನಿಗೆ ಕೊಟ್ಟಿತ್ತು. ದುರುಗೇಶನ ತಂದೆ ಮಾಲತೇಶಪ್ಪನವರು ಮುಂಜಾನೆ ಸ್ನಾನಕ್ಕೆಂದು ಬಕೆಟ್ಟಿನ ನೀರಿಗೆ ಕೈಯಿಟ್ಟವರು ಕರೆಂಟು ಹೊಡೆದು ಸತ್ತಿದ್ದರು. ನೀರು ಕಾಯಿಸುವ ಕಾಯಿಲಿಗೆ ಪೊಲೀಸರು ಮೀಟರು ಹಚ್ಚಿ ನೋಡಿದರೆ ಅದರಲ್ಲಿ ದೋಷವೇ ಇರಲಿಲ್ಲ. ಹಾಗಾದರೆ ಯಾರೋ ಬೇಕೆಂದೇ ಬರಿಯ ತಂತಿ ಮುಟ್ಟಿಸಿರಬೇಕು. ನೀರಿಗೆ ಕಾಯಿಲು ಇಟ್ಟವಳು ದ್ರಾಕ್ಷಾಯಿಣಿ. ಹಿಂದಿನ ಸಂಜೆ ಮಾವನೊಡನೆ ಜಗಳವಾಡಿದವಳೂ ಅವಳೇ.

"ಜಗಳ ಯಾತಕ್ಕ ಆತು, ತಾಯಿ?" ವಿಜಯಮಹಾಂತೇಶರು ಕೇಳಿದರು.

"ಕಾಯಿಲ್ ಜುಮ್ ಅಂತೈತಿ, ಬ್ಯಾರೆ ತರ್ರಿ ಅಂದ್ಲಂತ್ರಿ. ನನ್ನ ಮಗನ ಮಾಲಿಗೆ ಹೆಸರಿಡ್ತೀಯೇನಂತ ಮಾವ ಹರಿಹಾಯ್ದರಂತ. ಈಗ ಪೊಲೀಸರು, ಚಲೋ ಕಾಯಿಲಿನ ಮ್ಯಾಲೆ ಮೊದಲ ಸುಳ್ಳು ಹೇಳಿ ಹಾದಿ ಮಾಡಿಕೊಂಡಾಳ ಅಂತಾರ."

ನಿಜ ನುಡಿದ ಬಾಯಿಯೇ ಅಪರಾಧಿಯಾಯಿತೇ ಎಂದು ಮಾಸ್ತರರಿಗೆ ಮೈಯುರಿಯಿತು.

ಗೆಳೆಯರಿಬ್ಬರೂ ರಾಣೆಬೆನ್ನೂರಿಗೆ ಬಂದರು. ಆ ಮನೆಯಲ್ಲಿ ನೀರು ತಾನು ಮುಟ್ಟಿದ್ದನ್ನೆಲ್ಲ ಕಲ್ಲು ಮಾಡಿತ್ತು. ನಲ್ಲಿಯ ಬಾಯಿ ಕಟ್ಟಿತ್ತು. ಕೂಲರಿನ ಹುಲ್ಲು ಕಟಕ ರೊಟ್ಟಿಯಂತೆ ಬಿರುಸಾಗಿತ್ತು. ಬಟ್ಟೆ ಒಗೆಯುವ ಯಂತ್ರ ಕೆಟ್ಟು, ಹಾಸಿಗೆ ಪೇರಿಸುವ ಕಟ್ಟೆಯಾಗಿತ್ತು. ಅಪರೂಪಕ್ಕೆ ಬರುವ ಹೊಳೆಯ ನೀರು ಕುಡಿಯಲಿಕ್ಕೆ, ಬೇಳೆ ಬೇಯಿಸಲಿಕ್ಕೆ. ಸ್ನಾನಕ್ಕೆ ಇಡೀ ಓಣಿಗೆ ಒಂದೇ ಬೋರಿನ ಗಡಸು ನೀರು.

ದುರುಗೇಶ ಕೆಂಪಗಾದ ಕಣ್ಣುಗಳಿಂದ ಹೇಳಿದ: "ಆಕಿ ಚೀರಿದ್ದು ಕೇಳಿ ಓಡಿ ಬಂದೆ. ಬಟನ್ ಆರಿಸಿ, ಜಟ್ಟೆಪ್ಪ ಕಾಕಾನ್ನ ಕರಕೊಂಡು ಬಾ ಅಂತ ಆಕಿನ್ನ ಕಳಿಸಿದೆ. ಕಾಯಿಲ್ ತೆಗೆದು ಗೂಟಕ್ಕ ಹಾಕಿದೆ. ಅದ ಹಳೇ ಕಾಯಿಲ್ರಿ, ಭಾಳ ದಿನದಿಂದ ಅದನ್ನ ಬಳಸಾಕತ್ತೇವಿ. ಪೊಲೀಸರು ಗೂಟದ ಮ್ಯಾಲಿಂದನ ಒಯ್ದರು."

ನೆರೆಮನೆಯ ಜಟ್ಟೆಪ್ಪ ಸತ್ತವರ ಆಪ್ತ ಗೆಳೆಯ. "ಸಾಯೋ ಹಿಂದಿನ ಸಂಜಿ ಇಬ್ಬರೂ ಎಲಿ ಹಾಕ್ಕೊಂಡಿವ್ರಿ. ಗೆಳ್ಯಾ ಡಬ್ಬಿ ತುಂಬ ಹೊಸಾ ಸುಣ್ಣ ತುಂಬಿಕೊಂಡ. ಮರುದಿನ ಹೆಣದ ಮುಂದ ಕುಂತು ಎಲಿ ಮಡಚಾಕ ಹೋದ್ರ ಡಬ್ಬಿ ಖಾಲಿ! ಸತ್ತ ಮ್ಯಾಲೂ ಜಿಪುಣತನ ಬಿಡಲಿಲ್ಲ ನೋಡ್ರಿ," ಎಂದು ನಗಲು ಹೋಗಿ ಕಣ್ಣೊರೆಸಿಕೊಂಡ. ಆಮೇಲೆ ದನಿ ತಗ್ಗಿಸಿದ: "ಅಂಗಡಿಗೂ ದೆಸೆ ಚಲೋ ಇಲ್ರಿ. ಬ್ಯಾಡಗ್ಯಾಗ ದೇವವ್ವ ಅನ್ನಾಕಿ ಇವನ ಕಾಯಿಲಿಂದ ಕರೆಂಟ್ ಹೊಡಿಸಿಕೊಂಡು ಹಾವೇರಿ ಗ್ರಾಹಕರ ಕೋರ್ಟಿಗೆ ಹೋಗ್ಯಾಳ."

"ಜಟ್ಟೆಪ್ಪನವರ, ನಿಮ್ಮ ಬಚ್ಚಲದ ಕಾಯಿಲ್ ಒಂದು ದಿನ ಕೊಡ್ರಿ," ಎಂದರು ವಿಜಯಮಹಾಂತೇಶರು.

"ಒಯ್ರಿ. ನಾಳಿ ಜಳಕ ತಪ್ಪಿದ್ರ ನನಗೇನೂ ದುಃಖ ಇಲ್ಲ."

ಮರುದಿನ ಅದೇ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರು ದ್ರಾಕ್ಷಾಯಿಣಿಯನ್ನೂ ಕರೆತಂದಿದ್ದರು. ಮುತ್ತವ್ವ ಮಗಳ ಕೈ ಹಿಡಿದು ಕುಳಿತಳು. ಮಣೆಯ ಮೇಲೆ ಎರಡು ಕಾಯಿಲುಗಳಿದ್ದವು: ಒಂದು ಜಟ್ಟೆಪ್ಪನದು, ಇನ್ನೊಂದು ಪೊಲೀಸರು ಗೂಟದಿಂದ ಒಯ್ದದ್ದು. ದೂರದಿಂದ ಎರಡೂ ಬೆಳ್ಳಗೆ ಕಾಣುತ್ತಿದ್ದವು.

"ಮಾಸ್ತರ, ಒದ್ದಿ ಅರಿವಿಲೆ ಎರಡನ್ನೂ ಒರಸ್ರಿ."

ವೀರೇಂದ್ರರು ಜಟ್ಟೆಪ್ಪನ ಕಾಯಿಲನ್ನು ಬಲವಾಗಿ ತಿಕ್ಕಿದರು. ಒಂದು ಚೂರೂ ಏಳಲಿಲ್ಲ. ಎರಡನೆಯದನ್ನು ತಿಕ್ಕಿದರು, ಬಟ್ಟೆಯೆಲ್ಲ ಬಿಳಿಯಾಯಿತು, ಕೆಳಗೆ ಹೊಚ್ಚ ಹೊಸ ಲೋಹ ಫಳಫಳಿಸಿತು.

"ನೀರಿನ ಕಲ್ಲು ಕಾಯಿಲಿಗೆ ಬೆಸೆದುಕೊಂಡಿರತೈತಿ," ವಿಜಯಮಹಾಂತೇಶರು ವಿವರಿಸಿದರು. "ಹುಣಸೀಹಣ್ಣು ಹಚ್ಚಿ ಕೆರೆದರಷ್ಟ ಬಿಡೂದು. ಅದರ ಬಣ್ಣ ಮಾಸಲು ಹಳದಿ. ನೀರು ಮುಟ್ಟೂವಷ್ಟು ಜಾಗಕ್ಕ ಮಾತ್ರ ಅದು ಕಟ್ಟತೈತಿ. ಜಟ್ಟೆಪ್ಪನವರ ಕಾಯಿಲ್ ನೋಡ್ರಿ, ಮ್ಯಾಲಿನ ಭಾಗ ಬರಿದು. ಈ ಕಾಯಿಲಿಗೆ ಹಿಡಿಕಿ ತನಕ ಬಿಳುಪು! ಇದು ಎಲಿಗೆ ಹಚ್ಚೂ ಸುಣ್ಣ. ಹೊಸಾ ಕಾಯಿಲಿಗೆ ಹಳೇ ವೇಷ ಹಾಕ್ಯಾರ. ಮಾಲತೇಶಪ್ಪನವರ ಡಬ್ಬಿ ಖಾಲಿ ಆಗಿದ್ದು ಹಿಂಗ. ಹೆಂಡತಿನ್ನ ಹೊರಗ ಕಳಿಸಿ ಬಚ್ಚಲದಾಗ ಒಬ್ಬನ ಇದ್ದವ ಯಾರು? ಕೈಗೆ ಹೊಸಾ ಕಾಯಿಲ್ ಸಿಗೂದು ಯಾರಿಗೆ?"

ದುರುಗೇಶನ ತಲೆ ತಗ್ಗಿತು.

"ಯಾಕ ಮಾಡಿದನಂದ್ರ, ಕಲ್ಲು ಕಟ್ಟಿದ ಕಾಯಿಲಿನ ಕಾವು ನೀರಿಗೆ ಇಳಿಯೂದಿಲ್ಲ, ಒಳಗ ಕುದ್ದು ಮ್ಯಾಲಿನ ಕವಚ ಸೀಳತೈತಿ. ಇವನ ನಕಲಿ ಮಾಲಿನ ತೆಳು ಕವಚ ಲಗೂ ಸೀಳತೈತಿ. ಹಂಗ ಸೀಳಿದ ಹಳೇ ಕಾಯಿಲಿಂದನ ನೀರಿಗೆ ಕರೆಂಟ್ ಇಳಿದದ್ದು. ದೇವವ್ವನ ಕೇಸ್ ನಡದೈತಿ. ಮಾರಿದವನ ಮನ್ಯಾಗ, ಅದ ಮಾಲಿಗೆ ಹೆತ್ತಪ್ಪ ಸತ್ತ ಅಂದ್ರ ಅಂಗಡಿ ಬಾಗಿಲು ಮುಚ್ಚಿದಂಗ."

"ನಾ ಅಪ್ಪನ್ನ ಕೊಂದಿಲ್ರಿ!" ದುರುಗೇಶ ಕೂಗಿದ.

"ಇಲ್ಲ. ಬೇಕಂತ ಯಾರೂ ಕೊಂದಿಲ್ಲ. ಆದರ ಕಾಯಿಲ್ ಜುಮ್ ಅಂತೈತಿ ಅಂದಾಕಿ ಖರೇ ಹೇಳಿದ್ಲು. ಆ ಖರೇ ಮಾತನ್ನ ಆಕಿ ಕೊರಳಿಗೆ ಉರುಲು ಮಾಡಿದವ ನೀನು. ಹಳೇ ಕಾಯಿಲ್ ಎಲ್ಲೈತಿ?"

"ಗುಜರಿ ರಹಿಮಾನಸಾಬಗ ಹಾಕಿದೆ. ಕರಗಿಸ್ಯಾರಂತ."

ಇನ್ಸ್‌ಪೆಕ್ಟರು ನಿಟ್ಟುಸಿರುಬಿಟ್ಟರು. "ಹಂಗಾದ್ರ ಮಾಲಿನ ಮ್ಯಾಲೆ ಯಾವ ಕೇಸೂ ನಿಲ್ಲೂದಿಲ್ಲ. ಸಾಕ್ಷಿ ಮುಚ್ಚಿದ್ದಕ್ಕ ಹಿಡೀತೇವಿ, ಜಾಮೀನು ಸಿಗತೈತಿ. ಈ ತಾಯಿನ್ನ ಬಿಡಸ್ತೇವಿ."

ದ್ರಾಕ್ಷಾಯಿಣಿ ಗಂಡನತ್ತ ತಿರುಗಿದಳು. "ಪೊಲೀಸರ ಜೀಪ್ ಹತ್ತುವಾಗ ನಾ ನಿಮ್ಮ ಮಾರೀನ ನೋಡಾಕತ್ತಿದ್ದೆ. ಕಟ್ಟಿ ಮ್ಯಾಲೆ ನಿಂತು ಏನ್ ವಿಚಾರ ಮಾಡಾಕತ್ತಿದ್ರಿ?"

"ನಾಕು ದಿನದಾಗ ಬಿಡತಾರಂತ..."

"ಬಿಡದಿದ್ರ?"

ಬಿಡುಗಡೆಯಾದೊಡನೆ ಮಗಳು ತಾಯಿಯ ಹಿಂದೆ ಬ್ಯಾಡಗಿಯ ಬಸ್ಸು ಹತ್ತಿದಳು.

ಬೇಸಿಗೆಗೆ ಮುನ್ನ ಮಾಸ್ತರರು ರಾಣೆಬೆನ್ನೂರಿನ ಪೇಟೆಯಲ್ಲಿ ಹಾದು ಹೋಗುತ್ತಿದ್ದರು. ಜಾಮೀನಿನ ಮೇಲೆ ಬಂದ ದುರುಗೇಶನ ಅಂಗಡಿ ತೆರೆದಿತ್ತು, ಎದುರಿಗೆ ಗಿರಾಕಿಗಳಿದ್ದರು. ಕಾಯಿಲು ಕೊಳ್ಳುತ್ತಿದ್ದ ಹೆಂಗಸೊಬ್ಬಳನ್ನು ಅವರು ತಡೆದರು. "ಬ್ಯಾಡವ್ವ. ಈ ಮಾಲಿನಿಂದ ಒಬ್ಬರು ಸತ್ತಾರ."

"ಈ ನೀರಿಗೆ ಯಾವ ಕಾಯಿಲ್ ಬಾಳಿಕೆ ಬರ್ತೈತ್ರಿ, ಯಜಮಾನ್ರ? ಇಲ್ಲಿ ಸೋವಿ ಸಿಗತೈತಿ. ಮತ್ತ ಅವರು ಸತ್ತದ್ದು ಕಾಯಿಲಿಂದಲ್ಲಂತಲ್ಲ, ಸೊಸಿ ಕೈವಾಡ ಅಂತ!"

"ಆಕಿ ನಿರಪರಾಧಿ. ಪೊಲೀಸರ ಬಿಟ್ಟಾರ."

"ಬಿಟ್ಟಾರ, ಖರೇ. ಆದ್ರ ಏನೂ ಇಲ್ಲದ ಸುಮ್ಮನ ಹಿಡಕೊಂಡು ಹೋಗ್ತಾರೇನ್ರಿ?"

ಆ ಮಾತು ದುರುಗೇಶನ ಕಿವಿಗೂ ಬಿತ್ತು. ಅವನು ತಲೆಯೆತ್ತಲಿಲ್ಲ. ಕಾಯಿಲನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಆಕೆಯ ಕೈಗಿತ್ತ.