ಹೊಸ ಸ್ನೋಮೊಬೈಲಿನ ಪ್ಲಾಸ್ಟಿಕ್ ಕವರು

"ಅದನ್ನ ಹೊರಗೆ ತರಬೇಡ ಅಪ್ಪಾ, ಪ್ಲೀಸ್," ಎಂದಳು ನಿರುಪಮಾ.

ಅಪ್ಪ ಕೇಳಿಸಿಕೊಳ್ಳಲಿಲ್ಲ. ಗ್ಯಾರೇಜಿನ ಬಾಗಿಲು ಎತ್ತಿ, ಹಳೆಯ ಸ್ನೋಮೊಬೈಲನ್ನು ಟ್ರೇಲರಿನ ಮೇಲೆ ತಳ್ಳತೊಡಗಿದ.

ಹಿಮದ ಮೇಲೆ ಓಡುವ ಸ್ಕೂಟರಿನಂಥ ಬಂಡಿ ಅದು. ಮುಂದೆ ಚಕ್ರದ ಬದಲು ಎರಡು ಸ್ಕೀ ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ. ವಯಸ್ಸಿನಲ್ಲಿ ನಿರುಪಮಾಗಿಂತ ದೊಡ್ಡದು. ಹಿಂದೆ ಹಳದಿ ಬಣ್ಣ ಇತ್ತಂತೆ, ಈಗ ಹುಳಿ ಮಜ್ಜಿಗೆಯ ಬಣ್ಣ. ಪಕ್ಕದೂರು ಲಾಸ್ ಗ್ಯಾಟೋಸಿನಲ್ಲಿ ಯಾರೋ ಮನೆಯ ಹಳೆ ಸಾಮಾನು ಮಾರುವ ಗ್ಯಾರೇಜ್ ಸೇಲಿನಲ್ಲಿ ಸಿಕ್ಕಿದ್ದು. ಅವರ ಊರು ಸಾಂಟಾ ಕ್ಲಾರಾದಲ್ಲಿ ಹಿಮ ಬೀಳುವುದಿಲ್ಲ. ಬೇಕಾದರೆ ಫ್ರೀವೇ ಹಿಡಿದು ನಾಲ್ಕು ಗಂಟೆ ಹೋಗಿ ಬೆಟ್ಟ ಹತ್ತಬೇಕು. ವರ್ಷವೆಲ್ಲ ಅದು ಗ್ಯಾರೇಜಿನಲ್ಲಿ ನಿದ್ದೆ ಮಾಡುತ್ತಿತ್ತು. ಅಲ್ಲೇ ಇದ್ದಿದ್ದರೆ ಚೆನ್ನಾಗಿತ್ತು.

ಏಕೆಂದರೆ ರಸ್ತೆಯಲ್ಲಿ ಶೇಷಾದ್ರಿ ಅಂಕಲ್ ಕಾರು ನಿಂತಿತ್ತು. ಅದರ ಹಿಂದಿನ ಟ್ರೇಲರಿನಲ್ಲಿ ಹೊಚ್ಚ ಹೊಸ ಸ್ನೋಮೊಬೈಲು, ಕಪ್ಪು ಕೆಂಪು ಬಣ್ಣದ್ದು, ಮಿಂಚುತ್ತಿತ್ತು.

"ಏನ್ರೀ ತಿರುಮಲೇಶ್," ಅಂಕಲ್ ಸೊಂಟಕ್ಕೆ ಕೈಯಿಟ್ಟು ನಿಂತರು. "ಇದು ಓಡುತ್ತೋ, ಇಲ್ಲ ನೀವೇ ಎಳ್ಕೊಂಡು ಓಡ್ತೀರೋ?"

"ಓಡುತ್ತೆ ರೀ. ಮೂಡ್ ಇದ್ರೆ ಓಡುತ್ತೆ," ಎಂದ ಅಪ್ಪ.

"ನಮ್ದು ಈ ವರ್ಷದ್ದೇ, ಏಯ್ಟಿ ಸಿಕ್ಸ್ ಮಾಡೆಲ್ಲು. ಹಗ್ಗ ಎಳೆಯೋ ತಾಪತ್ರಯ ಇಲ್ಲ, ಬಟನ್ ಒತ್ತಿದ್ರೆ ಸ್ಟಾರ್ಟು. ಹ್ಯಾಂಡಲ್ ಒಳಗೆ ಹೀಟರು."

"ನಮ್ಮ ಕಾರಿಗಿಂತ ಜಾಸ್ತಿ ದುಡ್ಡು ಕೊಟ್ಟು ಕೈ ಬೆಚ್ಚಗೆ ಮಾಡ್ಕೊಳ್ಳೋದಾ?" ಅಮ್ಮ ಪುಳಿಯೋಗರೆಯ ಡಬ್ಬಿಯನ್ನು ಕಾರಿನಲ್ಲಿಟ್ಟಳು. "ಶೈಲಜಾ, ನೀವು ಒಂದು ಜೊತೆ ಗ್ಲೌಸ್ ಹೆಣೆದು ಕೊಟ್ಟಿದ್ರೆ ಮುಗೀತಿತ್ತಲ್ರೀ."

ಶೈಲಜಾ ಆಂಟಿ ನಗುವ ಮೊದಲು ಗಂಡನ ಮುಖ ನೋಡಿದರು. ಆಮೇಲೆ ನಗಲಿಲ್ಲ.

ಅವರ ಮಗಳು ಮಂದಾಕಿನಿ ನಿರುಪಮಾಳ ಕ್ಲಾಸು. ಸ್ಕೂಲಿನಲ್ಲಿ ಎಲ್ಲರಿಗೂ ಮ್ಯಾಂಡಿ. ಅವಳು ಹಳೆಯ ಬಂಡಿಯನ್ನು ಒಂದು ಸುತ್ತು ಬಂದು ಮೂಗು ಮುಚ್ಚಿಕೊಂಡಳು.

"ಇದು ಲಾನ್ ಮೋವರ್ ಥರ ಇದೆ. ಹುಲ್ಲು ಕಟ್ ಮಾಡುತ್ತಾ?"

ನಿರುಪಮಾಳ ಕಿವಿ ಬಿಸಿಯಾಯಿತು.

"ಡೋಂಟ್ ವರಿ. ನಿನ್ನ ನಮ್ದರಲ್ಲಿ ಕೂರಿಸ್ಕೋತೀನಿ," ಎಂದಳು ಮ್ಯಾಂಡಿ, ರಾಣಿ ಉಂಗುರ ದಾನ ಮಾಡಿದ ಹಾಗೆ.

ದಾರಿಯುದ್ದಕ್ಕೂ ನಿರುಪಮಾಗೆ ಅದೊಂದೇ ಯೋಚನೆ. ಹೊಸದರಲ್ಲಿ ಒಂದೇ ಒಂದು ರೌಂಡು. ಹಳೆಯದನ್ನು ಮುಟ್ಟುವುದೂ ಇಲ್ಲ.

ಬೆಟ್ಟದ ಮೇಲೆ ದೊಡ್ಡ ಬಯಲು, ಎಲ್ಲೆಲ್ಲೂ ಹಿಮ. ಅಂಕಲ್ ಬಟನ್ ಒತ್ತಿದರು. ಹೊಸ ಸ್ನೋಮೊಬೈಲು ಬೆಕ್ಕಿನಂತೆ ಗುರುಗುಟ್ಟಿತು. ಅಂಗಡಿಯವರು ಸೀಟಿಗೆ ಸುತ್ತಿ ಕೊಟ್ಟ ಪ್ಲಾಸ್ಟಿಕ್ ಕವರನ್ನು ಅವರು ಇನ್ನೂ ತೆಗೆದಿರಲಿಲ್ಲ. ತೆಗೆಯುವ ಯೋಚನೆಯೂ ಇರಲಿಲ್ಲ. ಅವರ ಮನೆಯಲ್ಲಿ ಸೋಫಾ, ಲ್ಯಾಂಪು, ಟಿವಿ ರಿಮೋಟು ಎಲ್ಲವೂ ಪ್ಲಾಸ್ಟಿಕ್ಕಿನೊಳಗೇ ಬಾಳುತ್ತಿದ್ದವು. ಅಂಕಲ್ ಚರಪರ ಸದ್ದು ಮಾಡುತ್ತಾ ಕೂತು ಹಾರಿಹೋದರು. ನಿಜಕ್ಕೂ ಹಾರಿದ ಹಾಗೇ ಇತ್ತು.

ಇತ್ತ ಹಳೆಯದಕ್ಕೆ ಮೂಡ್ ಇರಲಿಲ್ಲ. ಅಪ್ಪ ಹಗ್ಗ ಎಳೆದು ಎಳೆದು ಬೆವರಿದ. ಕೊನೆಗೆ ಅಮ್ಮ ಬಂಡಿಯ ಪಕ್ಕಕ್ಕೆ ಕಾಲು ಕೊಟ್ಟು ಒಂದು ಸಲ ಜಗ್ಗಿದಳು. ಅದು ಕೆಮ್ಮಿ, ನೀಲಿ ಹೊಗೆ ಉಗುಳಿ, ಎದ್ದಿತು. ಅಮ್ಮ ಹತ್ತಿ ಹೊರಟಳು. ಬಯಲಿನ ನಡುವೆ ಮತ್ತೆ ನಿಂತಿತು. ಅಪ್ಪ ಸ್ಪಾರ್ಕ್ ಪ್ಲಗ್ಗು ಹಿಡಿದುಕೊಂಡು ಮಂಡಿಯುದ್ದದ ಹಿಮದಲ್ಲಿ ನಡೆದ. ನಿರುಪಮಾ ಮುಖ ತಿರುಗಿಸಿಕೊಂಡಳು.

ಅಮ್ಮ ಮರಳಿ ಬಂದಾಗ ಶೈಲಜಾ ಆಂಟಿ ಕಾಫಿ ಕೊಟ್ಟು ಮೆಲ್ಲಗೆ ಕೇಳಿದರು. "ವೇದಾ, ಬಿದ್ರೆ ನಿಮ್ಮನೆಯವರು ಬೈಯಲ್ವಾ?"

"ಯಾವುದು ಬಿದ್ರೆ? ನಾನಾ, ಗಾಡೀನಾ?"

ಆಂಟಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ಅಷ್ಟರಲ್ಲಿ ಅಂಕಲ್ ಬಂದು ನಿಂತರು. ನಿರುಪಮಾ ಮ್ಯಾಂಡಿಯ ತೋಳು ತಿವಿದಳು. "ಈಗ ಕೂತ್ಕೊಳ್ಳಲಾ?"

ಮ್ಯಾಂಡಿ ಬಾಯಿ ತೆರೆಯುವ ಮೊದಲೇ ಅಂಕಲ್ ಕೈ ಅಡ್ಡ ಹಿಡಿದರು. "ಬೂಟ್ಸಿಗೆಲ್ಲ ಹಿಮ ಅಂಟಿದೆಯಲ್ಲಮ್ಮ. ನೆಕ್ಸ್ಟ್ ಟೈಮು. ಈಗ ಸ್ಪೀಡ್ ನೋಡು, ಸ್ಪೀಡು."

ಸ್ಪೀಡು ಎಲ್ಲರೂ ನೋಡಿದರು. ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಹಿಮ ಕರಗಿ ನೀರಾಗಿತ್ತು. ತಿರುವಿನಲ್ಲಿ ಬಂಡಿ ಎಡಕ್ಕೆ ಹೋಯಿತು. ಅಂಕಲ್ ಬಲಕ್ಕೆ ಹೋದರು. ಎಣ್ಣೆ ಸವರಿದ ತಟ್ಟೆಯಿಂದ ಇಡ್ಲಿ ಜಾರಿದಷ್ಟು ಸಲೀಸಾಗಿ.

ಬಂಡಿ ಒಂದಿಷ್ಟು ದೂರ ಹೋಗಿ ಹಿಮದ ಗುಡ್ಡೆಗೆ ಮೂತಿ ಇಟ್ಟಿತು. ನಿರುಪಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಂಕಲ್ ಎದ್ದು ಕೂತರು, ಮೀಸೆ ತುಂಬ ಹಿಮ. "ಶೈಲಾ, ಸ್ಕ್ರ್ಯಾಚ್ ಆಗಿದೆಯಾ ನೋಡು," ಎಂದು ಕೂಗಿದರು.

ಆಂಟಿ ಓಡಿದರು. ಮ್ಯಾಂಡಿ ಓಡಿದಳು. ಇಬ್ಬರೂ ಓಡಿದ್ದು ಬಂಡಿಯ ಕಡೆಗೆ. ಆಂಟಿ ಶಾಲಿನ ತುದಿಯಿಂದ ಅದರ ಮೂತಿ ಒರೆಸಿದರು. ಮ್ಯಾಂಡಿ ಹರಿದ ಪ್ಲಾಸ್ಟಿಕ್ಕಿನ ಅಂಚುಗಳನ್ನು ಬೆರಳಲ್ಲಿ ಜೋಡಿಸಿ ಹಿಡಿದು ನಿಂತಳು. ನಿರುಪಮಾಳ ನಗು ಅಲ್ಲೇ ನಿಂತುಹೋಯಿತು.

ಅಂಕಲ್‌ರನ್ನು ಎತ್ತಿ ನಿಲ್ಲಿಸಿದವನು ಅಪ್ಪ.

"ಸೀಟೇ ಸರಿಯಾಗಿ ಮಾಡಿಲ್ಲ ಈ ಕಂಪನಿಯವರು," ಎಂದು ಅಂಕಲ್ ಗೊಣಗಿದರು.

"ಕವರ್ ತೆಗೀರಿ, ಸರಿಹೋಗುತ್ತೆ," ಎಂದಳು ಅಮ್ಮ.

"ತೆಗೆದ್ರೆ ಸೀಟು ಹಾಳಾಗಲ್ವೇನ್ರೀ?"

"ಹಾಗಾದ್ರೆ ನಿಮ್ಮ ಸೊಂಟಕ್ಕೂ ಒಂದು ಕವರ್ ಹಾಕಿಸಿ."

ಹೊಸ ಸ್ನೋಮೊಬೈಲು ಟ್ರೇಲರ್ ಹತ್ತಿತು. ಅದರ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಹಗ್ಗ.

"ಬರ್ತೀಯಾ?" ಎಂದು ಅಮ್ಮ ಕರೆದಳು. ಬೇರೆ ದಾರಿಯಿಲ್ಲದೆ ನಿರುಪಮಾ ಹಳೆಯದರಲ್ಲೇ ಕೂತಳು. ಅಮ್ಮ ಹಿಂದೆ, ಅವಳು ಮುಂದೆ. ಹೊಗೆ ಮೂಗಿಗೆ ಅಡರಿತು, ಹಲ್ಲು ಕಟಕಟ ಅಂದವು. ಒಂದು ಸುತ್ತು ಮುಗಿಯುವ ಹೊತ್ತಿಗೆ ಇನ್ನೊಂದು ಸುತ್ತು ಬೇಕೆನಿಸಿತು.

ಎರಡನೆಯ ಸುತ್ತು ಮುಗಿಸಿ ಬಂದಾಗ ಮ್ಯಾಂಡಿ ಹತ್ತಿರ ಬಂದು ನಿಂತಿದ್ದಳು.

"ನಾನೂ ಒಂದ್ಸಲ?"

ಬೆಳಗಿನಿಂದ ಕೂಡಿಟ್ಟ ಮಾತೆಲ್ಲ ನಿರುಪಮಾಳ ನಾಲಗೆಯ ತುದಿಗೆ ಬಂತು. ಅವಳು ಕೆಳಗಿಳಿದಳು.

"ಮುಂದೆ ಕೂತ್ಕೋ. ನೀನೇ ಓಡ್ಸು. ಅಂಥ ಫ್ಯಾನ್ಸಿ ಗಾಡಿ ಓಡಿಸಿದವಳಿಗೆ ಇದೇನು ಮಹಾ?"

ಮ್ಯಾಂಡಿ ಹತ್ತಿ ಕೂತಳು. ಹ್ಯಾಂಡಲನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದಳು. ಎಡಗೈಯ ಬ್ರೇಕು ಒತ್ತಿದಳು. ಬಂಡಿ ಕದಲಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಆಮೇಲೆ ಹ್ಯಾಂಡಲಿನ ಮೇಲೆಲ್ಲ ಕಣ್ಣಾಡಿಸಿದಳು, ಹೊಸ ಮನೆಯಲ್ಲಿ ಲೈಟಿನ ಸ್ವಿಚ್ಚು ಹುಡುಕುವವರಂತೆ.

"ಮುಂದೆ ಹೋಗೋಕೆ ಯಾವುದು?" ತಲೆ ತಗ್ಗಿಸಿಯೇ ಕೇಳಿದಳು.

ನಿರುಪಮಾ ಅವಳನ್ನೇ ನೋಡಿದಳು. ಒಂದು ತಿಂಗಳಿಂದ ಲಂಚ್ ಟೈಮಿನಲ್ಲಿ ಮ್ಯಾಂಡಿ ಹೇಳಿದ ಕತೆಗಳೆಲ್ಲ ನೆನಪಾದವು. ಗುಡ್ಡ ಹಾರಿದ್ದು. ಡ್ಯಾಡಿಯನ್ನೇ ಹಿಂದೆ ಕೂರಿಸಿಕೊಂಡು ಓಡಿಸಿದ್ದು.

ಅಮ್ಮ ಮ್ಯಾಂಡಿಯ ಹಿಂದೆ ಕೂತು ಮಫ್ಲರ್ ಕಟ್ಟಿಕೊಳ್ಳುತ್ತಿದ್ದಳು. ಬಂಡಿಯ ಆ ಪಕ್ಕದಲ್ಲೇ ಶೈಲಜಾ ಆಂಟಿ ನಿಂತಿದ್ದರು.

ನಿರುಪಮಾ ಬಗ್ಗಿ, ಮ್ಯಾಂಡಿಯ ಬಲಗೈ ಹೆಬ್ಬೆರಳನ್ನು ಹಿಡಿದು ಥ್ರಾಟಲ್ಲಿನ ಮೇಲಿಟ್ಟಳು.

"ಇದು," ಎಂದಳು, ಎಂಜಿನ್ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸದ ಹಾಗೆ.