ಟಾಸಿಯ ಎದೆಯ ನಳಿಗೆ

ಮಾರ್ಚ್ 12, ಬೆಳಿಗ್ಗೆ 9.20. ದ್ವೀಪದ ರಾಜಧಾನಿ ಅಪಿಯಾದ ಖಾಸಗಿ ಆಸ್ಪತ್ರೆಯೊಂದರ ಮಕ್ಕಳ ವೈದ್ಯೆ ಠಾಣೆಗೆ ದೂರು ತಂದರು. ನಾಲ್ಕು ತಿಂಗಳ ಟಾಸಿಗೆ ಕರುಳಿನ ಆಪರೇಷನ್ ಆಗಿತ್ತು. ಎದೆಯ ದೊಡ್ಡ ರಕ್ತನಾಳಕ್ಕೆ ಇಳಿಸಿದ ಸಣ್ಣ ನಳಿಗೆಯೇ ಆ ಕೂಸಿನ ಊಟದ ದಾರಿ. ಅದರ ಮೇಲಿನ ಅಂಟುಪಟ್ಟಿಯನ್ನು ಯಾರೋ ಎರಡು ಸಲ ಬಿಚ್ಚಿದ್ದರು. ಎರಡು ಸಲವೂ ನಂಜು ರಕ್ತಕ್ಕೇರಿ ಜ್ವರ ಬಂದಿತ್ತು. ಮೂರನೆಯದಾದರೆ ಮಗು ಉಳಿಯುವುದಿಲ್ಲ ಎಂದರು ವೈದ್ಯೆ. ಎರಡೂ ಸಲ ಪಾಳಿಯಲ್ಲಿದ್ದ ನರ್ಸ್ ಮಲಿಯಾಳನ್ನು ಆಸ್ಪತ್ರೆ ಆಗಲೇ ಅಮಾನತು ಮಾಡಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಲ್ಲ ಕಡೆಯೂ ಇರುತ್ತಾರೆ.

ಇನ್‌ಸ್ಪೆಕ್ಟರ್ ಲೆಸಾ ಎಫ್‌ಐಆರ್ ದಾಖಲಿಸಿ, ತೆಗೆದಿಟ್ಟಿದ್ದ ಹಳೆಯ ಅಂಟುಪಟ್ಟಿಯ ಪಂಚನಾಮೆ ಮಾಡಿದರು. ಅದರಲ್ಲಿ ತೆಂಗಿನೆಣ್ಣೆಯ ವಾಸನೆಯಿತ್ತು. ವಾರ್ಡಿನ ದಾಖಲೆಯಲ್ಲಿ ಎರಡೂ ದಿನ ಸಂಜೆ ಆರಕ್ಕೆ ಗಟ್ಟಿಯಾಗಿದ್ದ ಪಟ್ಟಿ ಏಳಕ್ಕೆ ಸಡಿಲವಾಗಿತ್ತು. ಆ ನಡುವೆ, ಆರೂವರೆಗೆ, ದಿನವೂ ಇಡೀ ವಾರ್ಡು ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಲ್ಲುತ್ತದೆ. ನರ್ಸುಗಳೂ ಅಷ್ಟೇ.

ಲೆಸಾ ಕಾನ್‌ಸ್ಟೇಬಲ್ ಇಯೋಸುವಾನನ್ನು ಕರೆದರು. ಅವನು ಪಾದ್ರಿಯೊಬ್ಬರ ಮಗ. ಇಂದು ಸಂಜೆ ವಾರ್ಡಿನಲ್ಲಿ ಕಣ್ಣು ತೆರೆದೇ ನಿಲ್ಲಬೇಕೆಂದರು.

"ಪ್ರಾರ್ಥನೇಲಾ ಸಾರ್? ನಮ್ಮಪ್ಪಂಗೆ ಗೊತ್ತಾದ್ರೆ ಚರ್ಮ ಸುಲೀತಾರೆ."

"ಕಣ್ಣು ಮುಚ್ಚಿದೋರು ನಿನ್ ಕಣ್ಣು ಹೇಗಯ್ಯ ನೋಡ್ತಾರೆ?"

ಸಂಜೆ 6.34. ಟಾಸಿಯ ಅಜ್ಜಿ ಫುವಾಟಿನೋ ಚೀಲದಿಂದ ಶೀಶೆ ತೆಗೆದು, ಬೆರಳಿಗೆ ಎಣ್ಣೆ ಹಚ್ಚಿಕೊಂಡು ಪಟ್ಟಿಯ ಅಂಚು ಎತ್ತಲು ಹೋದಳು. ಇಯೋಸುವಾ ಅವಳ ಮಣಿಕಟ್ಟು ಹಿಡಿದ. ಸುತ್ತಲಿನವರು ಆಮೆನ್ ಎನ್ನುವವರೆಗೂ ಇಬ್ಬರೂ ಹಾಗೆಯೇ ನಿಂತಿದ್ದರು.

ಶೀಶೆ ಪ್ರಯೋಗಾಲಯಕ್ಕೆ ಹೋಯಿತು. ಅಜ್ಜಿಗೆ ವಾರ್ಡಿನ ಬಾಗಿಲು ಮುಚ್ಚಿತು. ಮಾರ್ಚ್ 15ರಂದು ವರದಿ ಬಂತು: ಎಣ್ಣೆಯಲ್ಲಿದ್ದ ರೋಗಾಣುವೇ ಮಗುವಿನ ರಕ್ತದಲ್ಲೂ ಇತ್ತು. ಮಲಿಯಾ ಕೆಲಸಕ್ಕೆ ಮರಳಿದಳು. ಲೆಸಾ ಫುವಾಟಿನೋಳನ್ನು ಬಂಧಿಸಲು ಅವಳ ಮನೆಗೆ ಹೋದರು.

ನಲವತ್ತು ವರ್ಷ ಊರಿನ ಕೂಸುಗಳ ಗಾಯಕ್ಕೆ, ಜ್ವರಕ್ಕೆಲ್ಲ ಎಣ್ಣೆ ತಿಕ್ಕಿ ನೀವಿದ ಕೈ ಅವಳದು. ಸ್ವಂತ ಮೊಮ್ಮಗನನ್ನು ಮಾತ್ರ ಮುಟ್ಟಬೇಡವೆಂದಿದ್ದರು ಆಸ್ಪತ್ರೆಯವರು. ಅದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಮೊದಲನೇ ಸಲ ಹಚ್ಚಿದ ಮೇಲೆ ಜ್ವರ ಬಂತಲ್ಲ, ಅಜ್ಜಿ. ಮತ್ತೆ ಯಾಕೆ ಹಚ್ಚಿದ್ರಿ?"

"ಜ್ವರ ಬಂತಲ್ಲ ಅಂತಾನೇ ಹಚ್ಚಿದೆ ಕಣಪ್ಪ."

ಲೆಸಾ ವರದಿಯನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಮುದುಕಿ ಎರಡೂ ಅಂಗೈಗಳನ್ನು ಬಹಳ ಹೊತ್ತು ನೋಡಿಕೊಂಡಳು. ಮಗು ಉಳಿಯುತ್ತದೆಯೇ ಎಂದು ಕೇಳಿದಳು. ಜ್ವರ ಇಳಿದಿದೆ, ಉಳಿಯುತ್ತದೆ ಎಂದರು ಲೆಸಾ. ಬೇಡಿಯ ಅಗತ್ಯವಿಲ್ಲ, ಸುಮ್ಮನೆ ಜೀಪಿಗೆ ಬನ್ನಿ ಎಂದೂ ಹೇಳಿದರು.

ಅವಳು ಎರಡೂ ಕೈ ಮುಂದೆ ಚಾಚಿದಳು.

"ಹಾಕಪ್ಪ. ಬಿಟ್ರೆ ಮತ್ತೆ ಮುಟ್ತೀನಿ."