ಹೊಳೆ ದಂಡೆಯ ಗೋಡೆ

"ಥೂ! ಓದಿದವರ ಥರ ಕಾಣ್ತೀರ, ಗೋಡೆಗೆ ಉಗುಳ್ತೀರಲ್ಲ!"

ಭದ್ರಾವತಿಯ ನಗರಸಭೆ ಕಚೇರಿಯ ಮೆಟ್ಟಿಲ ಮೇಲೆ ತನುಜಾ ಸಿಡುಕಿದಳು. ಗುಟ್ಕಾದ ಕೆಂಪು ಇನ್ನೂ ಹಸಿಯಾಗಿ ಇಳಿಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದವನು ತಿರುಗಿ ಹಲ್ಲು ಕಿರಿದು ತೋರಿಸಿದ. ಬೆಳ್ಳಗಿದ್ದವು.

"ನಾನಲ್ಲ ಮೇಡಂ. ಬೇಕಾದ್ರೆ ನಾಲಿಗೇನೂ ತೋರಿಸ್ತೀನಿ."

ಬಂದ ನಗುವನ್ನು ಅವನಿಗೆ ಕಾಣಿಸಬಾರದೆಂದು ಅವಳು ಮುಖ ತಿರುಗಿಸಿದಳು. ಅವನು ಅಲ್ಲಿನ ಜೂನಿಯರ್ ಇಂಜಿನಿಯರ್ ನಿರಂಜನ ಎಂದು ಗೊತ್ತಾದಾಗ ನಗುವೂ ಹೋಯಿತು. ಆ ಕಚೇರಿಯವರೆಂದರೇ ಅವಳಿಗೆ ಹೇಸಿಗೆ.

ಮಳೆಗಾಲದಲ್ಲಿ ಭದ್ರಾ ಹೊಳೆ ಉಕ್ಕಿ ಅವಳ ಮನೆಯ ಹಿಂದಿನ ಗೋಡೆ, ಬಚ್ಚಲುಮನೆ ಎರಡನ್ನೂ ಎಳೆದುಕೊಂಡು ಹೋಗಿತ್ತು. ಅಮ್ಮ ಸುಭದ್ರಮ್ಮ ಟಾರ್ಪಾಲಿನ ಮರೆಯಲ್ಲಿ ಸ್ನಾನ ಮಾಡುತ್ತಿದ್ದರು. ಹೊಳೆ ದಂಡೆಯ ಮನೆ. ಪರ್ಮಿಶನ್ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡುವಂತಿರಲಿಲ್ಲ. ಮೇಲಧಿಕಾರಿ ಶಿವಶಂಕರಪ್ಪ ಪ್ರತಿ ಸಲವೂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಂಜೆ ಒಬ್ಳೇ ಬಾ, ಮಾತಾಡೋಣ" ಎನ್ನುತ್ತಿದ್ದ. ಅವನು ಮುಟ್ಟದಿದ್ದರೂ ಮನೆಗೆ ಬಂದು ಅವಳು ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು.

ಸ್ಥಳ ನೋಡಲು ನಿರಂಜನ ಬಂದ. ದಂಡೆಯ ಕೆಳಗೆ ಗಬ್ಬು ನಾರುವ ಕೆಸರು. ಪಕ್ಕದ ಲಾಡ್ಜಿನ ಕಕ್ಕಸಿನ ನೀರೆಲ್ಲ ಒಂದು ಪೈಪಿನಿಂದ ನೇರ ಹೊಳೆಗೆ ಬೀಳುತ್ತಿತ್ತು. ತನುಜಾ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡಳು. ಅವನು ಪ್ಯಾಂಟು ಮಡಚಿ ಇಳಿದೇಬಿಟ್ಟ.

"ಅಯ್ಯೋ, ವಾಕರಿಕೆ ಬರಲ್ವಾ ನಿಮ್ಗೆ?"

"ಬರ್ತಿದೆ. ಮಾತಾಡಿಸ್ಬೇಡಿ." ಫೋಟೋ ತೆಗೆದುಕೊಂಡು ಮೇಲೆ ನೋಡಿದ. "ಹೊಳೆ ಕೆಡವೋಕೆ ಮೊದ್ಲೇ ನಿಮ್ಮ ಪಾಯ ಕೊರೆದಿರೋದು ಈ ಹೊಲಸು."

ಮೇಲೆ ಬಂದವನ ಕಾಲಿಗೆ ಅವಳೇ ಚೊಂಬಿನಿಂದ ನೀರು ಹೊಯ್ದಳು. ಕೆಸರು ತೊಳೆಯುತ್ತಲೇ ಅವನು ತಲೆಯೆತ್ತಿದ. ಚೊಂಬು ಖಾಲಿಯಾಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮತ್ತೆ ಬಂದಾಗ ಅವನ ಮುಖ ಬಾಡಿತ್ತು.

"ಲಾಡ್ಜಿನವ್ರು ನಮ್ಮ ಸಾಹೇಬ್ರಿಗೆ ಬೇಕಾದವ್ರು. ವರದಿಯಿಂದ ಪೈಪಿನ ವಿಷಯ ತೆಗೆದ್ರೆ ನಾಳೇನೇ ಸಹಿ ಹಾಕ್ತಾರಂತೆ. ಇಲ್ಲಾಂದ್ರೆ ಫೈಲು ಅಲ್ಲೇ ಕೊಳೆಯುತ್ತೆ. ಅಮ್ಮನ ಕಷ್ಟ ನೋಡಿದೀನಿ. ನೀವೇ ಹೇಳಿ."

ತನುಜಾಗೆ ಒಂದು ಕ್ಷಣ ಆಸೆಯಾಯಿತು. ಆಮೇಲೆ ತನ್ನ ಮೇಲೆಯೇ ಅಸಹ್ಯವಾಯಿತು.

"ತೆಗೀಬೇಡಿ. ಶಿವಮೊಗ್ಗಕ್ಕೆ ಹೋಗಿ ದೊಡ್ಡ ಸಾಹೇಬ್ರಿಗೇ ಕೊಡೋಣ. ಆ ಮನುಷ್ಯ ನನ್ನನ್ನ ಸಂಜೆ ಒಬ್ಳೇ ಬಾ ಅಂದಿದ್ದನ್ನೂ ನಾನೇ ಹೇಳ್ತೀನಿ."

ನಿರಂಜನನಿಗೆ ಅದು ಗೊತ್ತಿರಲಿಲ್ಲ. ದವಡೆ ಬಿಗಿಯಿತು. "ನಾಳೆ ಬೆಳಿಗ್ಗೆ ಬಸ್ಸಿಗೇ ಹೋಗೋಣ," ಎಂದಷ್ಟೇ ಹೇಳಿದ.

ಬೇಸಿಗೆಯ ಹೊತ್ತಿಗೆ ಪೈಪು ಮುಚ್ಚಿತು, ಶಿವಶಂಕರಪ್ಪ ಅಮಾನತಾದ, ಪರ್ಮಿಶನ್ ಬಂತು. ನಿರಂಜನನಿಗೂ ವರ್ಗವಾಯಿತು. ಗೋಡೆ ಏಳುತ್ತಿದ್ದ ದಿನ ಹೇಳಿಹೋಗಲು ಬಂದ.

"ಎಲ್ಲಿಗೆ ಹಾಕಿದ್ರು?"

"ಶಿವಮೊಗ್ಗಕ್ಕೆ."

"ಇಷ್ಟೇನಾ! ಮುಖ ನೋಡಿದ್ರೆ ಬೀದರಿಗೆ ಹಾಕಿದ ಹಾಗಿದೆ ಮಾರಾಯ್ರೆ."

"ಇಲ್ಲಿಗೆ ಬರೋಕೆ ಇನ್ನು ನಂಗೆ ನೆಪ ಇಲ್ವಲ್ಲ, ತನುಜಾ."

ಮೇಡಂ ಬಿಟ್ಟು ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳ ಕಿವಿ ಕೆಂಪಾಯಿತು.

"ಅಮ್ಮನ ಹತ್ರ ಏನೋ ಕೇಳೋದಿದೆ ಅಂತ ಬನ್ನಿ."

"ಏನನ್ನ?"

"ನನ್ನನ್ನ," ಎಂದವಳೇ ಗಾರೆಯವರಿಗೆ ಟೀ ತರಲು ಒಳಗೆ ಓಡಿದಳು.